ಏನು ಹಾಕಿದ್ರಿ?

ಬೆಳಗ್ಗೆ ಆರು ಗಂಟೆಗೆ ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿನಿಂದ ಫೋನ್ ಟಿಂಗ್ ಅಂದರೆ ಬೇಸಿಗೆ ಬಂತು ಅಂತ ಲೆಕ್ಕ. ಕಣ್ಣುಜ್ಜಿಕೊಂಡು ನೋಡಿದರೆ ಪರದೆ ತುಂಬ ಒಂದು ಕೆಂಪು ದಾಸವಾಳ. ಕೆಳಗೆ ಒಂದೇ ಸಾಲು: "ನಮ್ಮನೇಲಿ ಇವತ್ತು!" ಮಗು ಹುಟ್ಟಿದ ಸುದ್ದಿ ಹೇಳುವ ಧಾಟಿ. ಐದು ನಿಮಿಷದೊಳಗೆ ಅಭಿನಂದನೆಗಳು ಸುರಿಯುತ್ತವೆ. ತೂಕ ಎಷ್ಟು ಅಂತ ಯಾರೂ ಕೇಳುವುದಿಲ್ಲ, ಅಷ್ಟೇ. ಅದರ ಬದಲು ಇನ್ನೊಂದು ಪ್ರಶ್ನೆ ಬರುತ್ತದೆ. "ಏನು ಹಾಕಿದ್ರಿ?"

ದಾಸವಾಳ ಒಂದು ದಿನದ ಹೂ. ಬೆಳಗ್ಗೆ ಅರಳಿದ್ದು ಸಂಜೆಗೆ ಸುತ್ತಿಕೊಂಡು ಕೂರುತ್ತದೆ. ಅದರ ಫೋಟೋಗೆ ಮಾತ್ರ ಸಾವಿಲ್ಲ. ಹೋದ ಬೇಸಿಗೆಯ ಹೂವನ್ನು ಈ ಬೇಸಿಗೆಯಲ್ಲೂ ಎರಡು ಸಲ ನೋಡಿದ್ದೇನೆ. ಎಲೆಯ ಮೇಲಿನ ಅದೇ ಹುಳದ ತೂತಿನಿಂದ ಗುರುತು ಹಿಡಿದೆ.

ಈ ಕಾಲದಲ್ಲಿ ನಮ್ಮ ಕಟ್ಟಡದಲ್ಲಿ ಯಾರಿಗೂ ಸ್ವಂತ ಹೆಸರು ಉಳಿಯುವುದಿಲ್ಲ. ಎರಡನೇ ಮಹಡಿಯ ಮೇಷ್ಟ್ರು ಗುಲಾಬಿ ಮೇಷ್ಟ್ರಾಗುತ್ತಾರೆ. ಅವರ ಎದುರು ಮನೆಯಾಕೆ ಹೈಡ್ರೇಂಜಿಯಾ ಆಂಟಿ. ಕೆಳಗಿನ ಮನೆಯವರು ಬೋಗನ್‌ವಿಲ್ಲಾದವರು. ಪಕ್ಕದ್ದು ದಾಸವಾಳದ ಅಕ್ಕನ ಮನೆ. ನನ್ನ ಬಾಲ್ಕನಿಯಲ್ಲಿ ಏಳು ಕುಂಡಗಳಿವೆ. ಐದರಲ್ಲಿ ಬರೀ ಮಣ್ಣಿದೆ. ನನ್ನನ್ನು "ಕುಂಡದವರು" ಅನ್ನುತ್ತಾರೆ. ಬೇಸರವಿಲ್ಲ. ಈ ವಿಷಯದಲ್ಲಿ ಮಾತಾಡುವ ಅರ್ಹತೆ ನನಗೆ ಬಂದಿರುವುದೇ ಆ ಖಾಲಿ ಕುಂಡಗಳಿಂದ. ನಾನು ಎಲ್ಲರ ಸಲಹೆಯನ್ನೂ ಪಾಲಿಸಿದವನು.

"ಏನು ಹಾಕಿದ್ರಿ" ಅಂತ ಕೇಳಿದರೆ ನಿಜವಾದ ಉತ್ತರ ಹೆಚ್ಚುಕಡಿಮೆ ಹೀಗಿರುತ್ತದೆ: ಬಿಸಿಲು ಬಿತ್ತು, ನೀರು ಹಾಕಿದೆ, ಬಾಡಿದ ಹೂ ಕಿತ್ತೆ. ಬೇಸಿಗೆಯ ಹೂಗಿಡಗಳಲ್ಲಿ ಹೆಚ್ಚಿನವಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಚೆಂಡುಹೂ, ಜೀನಿಯಾ, ಟೇಬಲ್ ರೋಸ್ ಎಲ್ಲ ಅದೇ ಗುಂಪಿನವು. ಬಾಡಿದ ಹೂವನ್ನು ಅಲ್ಲೇ ಬಿಟ್ಟರೆ ಗಿಡ ಬೀಜ ಕಟ್ಟಲು ಕೂರುತ್ತದೆ. ಕಿತ್ತು ಹಾಕಿದರೆ, ಅಯ್ಯೋ ಬೀಜ ಆಗಲೇ ಇಲ್ಲವಲ್ಲ ಅಂತ ಇನ್ನಷ್ಟು ಮೊಗ್ಗು ಬಿಡುತ್ತದೆ. ಇಷ್ಟೇ ವಿಷಯ. ಆದರೆ ಇದನ್ನು ಹೇಳಿ ನೋಡಿ! ದಾಸವಾಳದ ಅಕ್ಕ ಪಾಪ, ಹೋದ ವರ್ಷ "ಏನೂ ಹಾಕಿಲ್ಲ ರೀ" ಅಂದುಬಿಟ್ಟರು. ಒಂದು ವಾರ ಮೆಟ್ಟಿಲ ಮೇಲೆ ಅವರನ್ನು ಯಾರೂ ಸರಿಯಾಗಿ ಮಾತಾಡಿಸಲಿಲ್ಲ. "ಗುಟ್ಟು ಬಿಟ್ಟುಕೊಡಲ್ಲ ಬಿಡಿ ಅವರು." ಕೊನೆಗೆ ಅಕ್ಕ ಕೂತು ಯೋಚಿಸಿದರು. ಹೂ ಬಿಡುವ ಹಿಂದಿನ ವಾರ ಕುಂಡಕ್ಕೆ ಬಿದ್ದದ್ದೇನು? ಮೊಮ್ಮಗ ಚೆಲ್ಲಿದ ಅರ್ಧ ಲೋಟ ಚಹಾ. ಸರಿ, ಚಹಾ ಅಂದರು. ಮರುದಿನ ಕಟ್ಟಡದ ಎಲ್ಲ ಕುಂಡಕ್ಕೂ ಚಹಾ. ಸಕ್ಕರೆ ಹಾಕಬೇಕಾ ಬೇಡವಾ ಅಂತ ಒಬ್ಬರು ಕೇಳಿದರು. ಅವರು ಹಾಕಿಯೇ ಬಿಟ್ಟರು ಅಂತ ಕಾಣುತ್ತದೆ. ಅವರ ಮನೆಗೆ ಬಂದ ಇರುವೆಗಳು ಇನ್ನೂ ಹೋಗಿಲ್ಲ.

ಬಾಳೆಹಣ್ಣಿನ ಸಿಪ್ಪೆಯ ಪ್ರಕರಣ ಸ್ವಲ್ಪ ಗಂಭೀರವಾದದ್ದು. ಸಿಪ್ಪೆಯಲ್ಲಿ ಪೊಟ್ಯಾಸಿಯಂ ಇದೆ. ಹೂಗಿಡಕ್ಕೆ ಪೊಟ್ಯಾಸಿಯಂ ಬೇಕು. ಆದ್ದರಿಂದ ಸಿಪ್ಪೆಯನ್ನು ಮೂರು ದಿನ ನೀರಲ್ಲಿ ನೆನೆಸಿ, ಆ ನೀರು ಹಾಕಿ. ಮೊದಲ ಎರಡು ಮಾತು ನಿಜ. ಮೂರನೆಯದಕ್ಕೆ ಬರುವಾಗ ತರ್ಕ ಜಾರಿ ಬೀಳುತ್ತದೆ, ಅದೂ ಬಾಳೆಸಿಪ್ಪೆಯ ಮೇಲೆಯೇ. ನೆನೆಸಿದ ನೀರಿಗೆ ಒಂದಷ್ಟು ಇಳಿಯುತ್ತದೆ, ಉಳಿದದ್ದು ಸಿಪ್ಪೆಯ ಜೊತೆ ಕಸದ ಬುಟ್ಟಿಗೆ. ಕಾಂಪೋಸ್ಟ್ ಮಾಡಿದ್ದರೆ ಪೂರ್ತಿ ಮಣ್ಣಿಗೇ ಸೇರುತ್ತಿತ್ತು. ಆದರೆ ಕಾಂಪೋಸ್ಟ್ ತಿಂಗಳುಗಟ್ಟಲೆ ಕಾಯಿಸುತ್ತದೆ, ಫೋಟೋದಲ್ಲಿ ಚೆನ್ನಾಗಿಯೂ ಕಾಣುವುದಿಲ್ಲ. ಮೂರನೇ ದಿನ ನಾನು ಡಬ್ಬದ ಮುಚ್ಚಳ ತೆಗೆದೆ. ಒಳಗಿನಿಂದ ಹೆಂಡತಿ, "ಇಲಿ ಎಲ್ಲಿ ಸತ್ತಿದೆ ನೋಡ್ರೀ" ಅಂದಳು. ಹೂ ಬರಲಿಲ್ಲ, ನೊಣ ಬಂದವು. ಅವನ್ನು ಓಡಿಸಲು ಏನು ಹಾಕಬೇಕು ಅಂತ ಕೇಳಿದೆ. ಹನ್ನೊಂದು ಉತ್ತರ ಬಂದವು.

ಗುಲಾಬಿ ಮೇಷ್ಟ್ರದ್ದು ಮೊಟ್ಟೆಚಿಪ್ಪಿನ ಪಂಥ. ಮೊಟ್ಟೆಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಕಲ್ಲು, ಅಮೃತಶಿಲೆ ಎಲ್ಲ ಅದೇ ವಂಶ. ಸುಲಭಕ್ಕೆ ಕರಗುವ ಜಾತಿಯಲ್ಲ. ಸಾವಿರಾರು ವರ್ಷ ಹಳೆಯ ನೆಲೆಗಳನ್ನು ಅಗೆಯುವವರಿಗೆ ಇವತ್ತಿಗೂ ಮೊಟ್ಟೆಚಿಪ್ಪಿನ ಚೂರುಗಳು ಸಿಗುತ್ತವೆ. ನಮ್ಮ ಮೇಷ್ಟ್ರಿಗೆ ಮಾತ್ರ ಅದು ಹದಿನೈದು ದಿನದಲ್ಲಿ ಗುಲಾಬಿಯಾಗಬೇಕು. ಅವರ ಕುಂಡ ಈಗ ಒಂದು ಸಣ್ಣ ಕೋಳಿಫಾರಂ ಹಾಗೆ ಕಾಣುತ್ತದೆ.

ಇನ್ನು ಎಪ್ಸಮ್ ಸಾಲ್ಟ್. ಮೆಗ್ನೀಸಿಯಂ ಸಲ್ಫೇಟ್ ಅದು. ಮಣ್ಣಿನಲ್ಲಿ ಮೆಗ್ನೀಸಿಯಂ ಕಡಿಮೆ ಇದ್ದರೆ ಕೆಲಸಕ್ಕೆ ಬರುತ್ತದೆ. ಕಡಿಮೆ ಇದೆಯೋ ಇಲ್ಲವೋ ನೋಡಲು ಮಣ್ಣು ಪರೀಕ್ಷೆ ಮಾಡಿಸಬೇಕು. ಯಾರಿಗೆ ಬೇಕು ಆ ರಗಳೆ? ಮನುಷ್ಯರಿಗೆ ಹೊಟ್ಟೆ ಕಟ್ಟಿದಾಗ ಕೊಡುವ ಉಪ್ಪು ಇದು. ಗಿಡಕ್ಕೂ ಏನೋ ಕಟ್ಟಿದೆ, ಬಿಡಿಸಿದರೆ ಹೂ ಬರುತ್ತದೆ ಅನ್ನುವ ಲೆಕ್ಕ ಇರಬೇಕು.

ಹೈಡ್ರೇಂಜಿಯಾ ಆಂಟಿಯ ಹೂ ಗುಲಾಬಿ ಬಣ್ಣದ್ದು. ಅವರಿಗೆ ನೀಲಿ ಬೇಕು. ಅದಕ್ಕೆ ಎರಡು ವರ್ಷದಿಂದ ಕಾಫಿ ಚರಟ ಸುರಿಯುತ್ತಿದ್ದಾರೆ. ಹುಳಿ ಮಣ್ಣಿನಲ್ಲಿ ಹೈಡ್ರೇಂಜಿಯಾ ನೀಲಿಯಾಗುತ್ತದೆ ಅನ್ನುವುದು ಸರಿ. ಪಿಎಚ್, ಅಂದರೆ ಹುಳಿಯ ಅಳತೆ (ಕಡಿಮೆಯಾದಷ್ಟೂ ಹುಳಿ ಜಾಸ್ತಿ), ಸುಮಾರು 5.5ಕ್ಕಿಂತ ಕೆಳಗಿದ್ದರೆ ಮಣ್ಣಿನ ಅಲ್ಯೂಮಿನಿಯಂ ಬೇರಿಗೆ ಸಿಗುತ್ತದೆ, ಅದು ಹೂವಿನ ಬಣ್ಣವನ್ನು ನೀಲಿಗೆ ತಿರುಗಿಸುತ್ತದೆ. ತೊಂದರೆ ಏನೆಂದರೆ ಕಾಫಿಯ ಹುಳಿಯೆಲ್ಲ ಬಹುಪಾಲು ಲೋಟಕ್ಕೆ ಇಳಿದಿರುತ್ತದೆ. ಉಳಿದ ಚರಟದಲ್ಲಿ ಹೇಳಿಕೊಳ್ಳುವಂಥ ಹುಳಿಯೇ ಇಲ್ಲ. ಇದನ್ನು ಆಂಟಿಗೆ ಹೇಳಿದೆ. ಅವರು ನನ್ನ ಖಾಲಿ ಕುಂಡಗಳ ಕಡೆ ಒಮ್ಮೆ ನೋಡಿದರು. ನಾನು ಸುಮ್ಮನಾದೆ.

ಆದರೆ ನನಗೂ ಒಂದು ದಿನ ಬಂತು. ಬೋಗನ್‌ವಿಲ್ಲಾದವರು ತಮ್ಮ ಗಿಡವನ್ನು ಮಗುವಿನ ಹಾಗೆ ಸಾಕಿದ್ದರು. ದಿನಾ ಎರಡು ಹೊತ್ತು ನೀರು, ವಾರಕ್ಕೊಮ್ಮೆ ಗೊಬ್ಬರ. ಅದು ಬರೀ ಎಲೆ ಬಿಡುತ್ತಿತ್ತು, ಹಸಿರು ಗೋಡೆಯ ಹಾಗೆ. ಈ ಬೇಸಿಗೆಯಲ್ಲಿ ಅವರು ಒಂದು ತಿಂಗಳು ಪರಊರಿಗೆ ಹೊರಟರು. ಬೀಗದ ಕೈ ನನಗೆ ಕೊಟ್ಟು, "ದಯವಿಟ್ಟು ನೀರು ಮಾತ್ರ ಮರೀಬೇಡಿ ಸಾರ್" ಅಂದರು. ನಾನು ಮರೆತೆ. ಪೂರ್ತಿ ಮರೆತೆ ಅನ್ನಲಾರೆ, ನಡುವೆ ಒಂದೆರಡು ಸಲ ನೆನಪಾಗಿ ಓಡಿಹೋಗಿ ಒಂದು ಚೊಂಬು ಹಾಕಿ ಬಂದೆ. ಅವರು ಬರುವ ದಿನ ಎದೆ ಡವಡವ ಅನ್ನುತ್ತಿತ್ತು. ಬಾಗಿಲು ತೆಗೆದರು. ಎಲೆಯೇ ಕಾಣದ ಹಾಗೆ ಗಿಡ ತುಂಬ ರಾಣಿ ಬಣ್ಣ!

ಬೋಗನ್‌ವಿಲ್ಲಾ ಹಾಗೇ. ಮಣ್ಣು ಒಣಗಿ, ಬೇರು ಕುಂಡದಲ್ಲಿ ಇಕ್ಕಟ್ಟಾಗಿ, ಬದುಕುವುದೇ ಕಷ್ಟ ಅನ್ನಿಸಿದಾಗ ಅದು ಚೆನ್ನಾಗಿ ಅರಳುತ್ತದೆ. ನೀರೂ ಸಾರಜನಕವೂ ಜಾಸ್ತಿಯಾದರೆ ಹೂವನ್ನೇ ಮರೆತು ಎಲೆ ಬೆಳೆಸುತ್ತಾ ಕೂರುತ್ತದೆ. ಇನ್ನೊಂದು ಮಾತು. ನಾವು ಹೂ ಅಂತ ಫೋಟೋ ತೆಗೆಯುವ ಆ ಬಣ್ಣದ್ದು ಹೂವೇ ಅಲ್ಲ, ಹೂವನ್ನು ಸುತ್ತಿಕೊಂಡ ಎಲೆ. ನಿಜವಾದ ಹೂ ಅದರೊಳಗೆ ಚಿಕ್ಕ ಬಿಳಿ ಕೊಳವೆಯ ಹಾಗಿರುತ್ತದೆ, ಯಾರೂ ನೋಡುವುದಿಲ್ಲ.

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು. "ಏನು ಹಾಕಿದ್ರಿ ಸಾರ್?"

ಜೀವನದಲ್ಲಿ ಮೊದಲ ಸಲ ನನ್ನನ್ನು ಯಾರೋ ಆ ಪ್ರಶ್ನೆ ಕೇಳಿದ್ದರು. "ಮರೆತುಬಿಟ್ಟೆ" ಅನ್ನುವ ಮಾತು ಗಂಟಲಿಗೆ ಬಂದು ಅಲ್ಲೇ ಕೂತಿತು. "ನೀರನ್ನ ಸ್ವಲ್ಪ ಹಿಡಿದು ಹಾಕಿದೆ" ಅಂದೆ. ಸಂಜೆಯೊಳಗೆ ಅದು "ಕುಂಡದವರ ವಿಧಾನ" ಆಗಿತ್ತು. ರಾತ್ರಿ ಹೈಡ್ರೇಂಜಿಯಾ ಆಂಟಿ ಕೂಡ ನೀರು ನಿಲ್ಲಿಸಿದರು. ಹೈಡ್ರೇಂಜಿಯಾ ಅಂದರೆ ನೀರಿಗೆ ಬಾಯಿ ಬಿಡುವ ಗಿಡ. ಎರಡನೇ ದಿನ ಮಧ್ಯಾಹ್ನ ಅದರ ಎಲೆಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು. "ಒತ್ತಡ ತಗೊಳ್ತಾ ಇದೆ, ಈಗ ಬರುತ್ತೆ ನೋಡಿ ಹೂವು" ಅಂತ ಆಂಟಿ ಎಲ್ಲರಿಗೂ ಹೇಳುತ್ತಿದ್ದರು. ನಾನು ರಾತ್ರಿ ಕಳ್ಳನ ಹಾಗೆ ಹೋಗಿ ಒಂದು ಬಕೆಟ್ ನೀರು ಹಾಕಿ ಬಂದೆ. ಬೆಳಗ್ಗೆ ಗಿಡ ಎದ್ದು ಕೂತಿತ್ತು. ನನ್ನ ವಿಧಾನಕ್ಕೆ ಇನ್ನಷ್ಟು ಹೆಸರು ಬಂತು.

ಮೇಷ್ಟ್ರು ತಮ್ಮ ಗುಲಾಬಿಗೆ ಹಾಡುತ್ತಾರೆ, ಅದನ್ನು ಹೇಳಲೇಬೇಕು. ಗಿಡಕ್ಕೆ ಸಂಗೀತ ಇಷ್ಟವಂತೆ. ಡಾರ್ವಿನ್ ಎರೆಹುಳುಗಳ ಮೇಲೆ ಇಂಥದ್ದೊಂದು ಪ್ರಯೋಗ ಮಾಡಿ 1881ರಲ್ಲಿ ಬರೆದಿದ್ದಾನೆ. ಹುಳುಗಳ ಎದುರು ಸೀಟಿ ಊದಿಸಿದ, ಬಸೂನ್ ಅನ್ನುವ ದಪ್ಪ ದನಿಯ ವಾದ್ಯ ನುಡಿಸಿದರು, ಹುಳುಗಳು ಕ್ಯಾರೇ ಅನ್ನಲಿಲ್ಲ. ಆಮೇಲೆ ಹುಳು ಇದ್ದ ಕುಂಡಗಳನ್ನು ಪಿಯಾನೋ ಮೇಲಿಟ್ಟು ಒಂದು ಸ್ವರ ಒತ್ತಿದರು. ಆ ಅದುರಿಗೆ ಹುಳುಗಳು ಸರಕ್ಕನೆ ಬಿಲಕ್ಕೆ ನುಗ್ಗಿದವು. ಮೇಷ್ಟ್ರು ಹಾಡಲು ಶುರು ಮಾಡಿದಾಗ ನನಗೂ ಹಾಗೇ ಆಗುತ್ತದೆ.

ಮಧ್ಯಾಹ್ನ ನೀರು ಹಾಕಿದರೆ ಹನಿಗಳು ಭೂತಗನ್ನಡಿಯಾಗಿ ಎಲೆ ಸುಟ್ಟುಹೋಗುತ್ತದೆ ಅನ್ನುವುದರ ಮೇಲೆ ಕಟ್ಟಡ ಎರಡು ಪಕ್ಷವಾಗಿದೆ. ಹಂಗೇರಿಯ ಸಂಶೋಧಕರು 2010ರಲ್ಲಿ ಇದನ್ನು ಪರೀಕ್ಷಿಸಿ, ನಯವಾದ ಎಲೆ ಹಾಗೆ ಸುಡುವುದಿಲ್ಲ, ಹನಿಯನ್ನು ಎತ್ತಿ ಹಿಡಿಯುವ ರೋಮ ಇರುವ ಕೆಲವು ಎಲೆಗಳಲ್ಲಿ ಮಾತ್ರ ಆಗಬಹುದು ಅಂದರು. ಎರಡೂ ಪಕ್ಷದವರು ಇದನ್ನು ತಮ್ಮ ಗೆಲುವು ಅಂತ ತಿಳಿದುಕೊಂಡರು.

ಈಗ ನಿತ್ಯಪುಷ್ಪದ ವಿಷಯಕ್ಕೆ ಬರುತ್ತೇನೆ. ನಮ್ಮ ಕಟ್ಟಡದ ಹೊರಗೋಡೆಯಲ್ಲಿ, ನೀರಿನ ಪೈಪ್ ಪಕ್ಕದ ಬಿರುಕಿನಲ್ಲಿ ಅದು ತಾನೇ ಹುಟ್ಟಿಕೊಂಡಿತ್ತು. ಮಡಗಾಸ್ಕರ್ ಮೂಲದ ಗಿಡ. ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟೀನ್ ಮದ್ದು ಸಿಕ್ಕಿದ್ದು ಇದರಿಂದಲೇ. ಅಂಥ ದೊಡ್ಡ ಮನುಷ್ಯ ಒಂದು ಚಿಟಿಕೆ ಮಣ್ಣಿನಲ್ಲಿ, ನೆತ್ತಿ ಸುಡುವ ಬಿಸಿಲಲ್ಲಿ, ಹನ್ನೊಂದು ಹೂ ಬಿಟ್ಟುಕೊಂಡು ನಿಂತಿದ್ದ. ಒಂದು ಬೆಳಗ್ಗೆ ಯಾರೋ ಫೋಟೋ ತೆಗೆದು ಕಳಿಸಿದರು. "ಏನು ಹಾಕಿದ್ರಿ" ಅಂತ ಬಂತು. ಆಗ ಸಮಸ್ಯೆ ಶುರುವಾಯಿತು. ಯಾರೂ ಏನೂ ಹಾಕಿರಲಿಲ್ಲ.

ಅದು ಯಾರ ಗಿಡ ಅಂತ ತೀರ್ಮಾನ ಆಗಬೇಕಿತ್ತು. ಪೈಪಿನಿಂದ ಜಿನುಗುವುದು ನಮ್ಮನೆ ನೀರು ಅಂತ ಮೇಷ್ಟ್ರು. ಗೋಡೆ ನಮ್ಮ ಕಡೆಯದು ಅಂತ ಬೋಗನ್‌ವಿಲ್ಲಾದವರು. ಬೀಜ ಹಾರಿದ್ದು ನಮ್ಮ ಕುಂಡದಿಂದಲೇ ಅಂತ ದಾಸವಾಳದ ಅಕ್ಕ. ಭಾನುವಾರ ಸಭೆ ಸೇರಿತು. ಎಲ್ಲರೂ ಸೇರಿ ಸಾಕೋಣ ಅಂತ ಒಪ್ಪಂದವಾಯಿತು. ಏಳು ಮನೆ, ಮನೆಗೊಂದು ಚೊಂಬು ನೀರು, ದಿನಾ. ಬಿರುಕಿಗೆ ಮೊಟ್ಟೆಚಿಪ್ಪು ತುರುಕಿದರು. ಚಹಾ ಬಂತು, ಚರಟ ಬಂತು, ಬಾಳೆಸಿಪ್ಪೆಯ ನೀರು ಬಂತು. ಬಿಸಿಲು ತಾಗದಿರಲಿ ಅಂತ ಮೇಲೊಂದು ಹಳೆಯ ಕೊಡೆ ಕಟ್ಟಿದರು. ಮೇಷ್ಟ್ರು ಕಿಟಕಿಯಿಂದ ಬಗ್ಗಿ ಹಾಡಿದರು. ನಿತ್ಯಪುಷ್ಪಕ್ಕೆ ಬೇರಿನಲ್ಲಿ ನೀರು ನಿಂತರೆ ಆಗುವುದಿಲ್ಲ ಅಂತ ನಾನು ಸಭೆಯಲ್ಲಿ ಹೇಳಿದ್ದೆ. "ನಿಮ್ಮ ವಿಧಾನ ಬೋಗನ್‌ವಿಲ್ಲಾಗೆ ಸರಿ ಸಾರ್" ಅಂದರು.

ಆರನೇ ದಿನ ಎಲೆ ಹಳದಿಯಾಯಿತು. ಸಾಲುತ್ತಿಲ್ಲ ಅಂತ ಚೊಂಬು ಎರಡಾಯಿತು. ಹತ್ತನೇ ದಿನ ಕಾಂಡ ಕಪ್ಪಾಗಿ ಮೆತ್ತಗಾಯಿತು. ಕಿತ್ತರೆ ಬೇರು ಬೆರಳಿಗೆ ಅಂಟಿಕೊಂಡು ಬಂತು. ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು. ಆಮೇಲೆ ಆಂಟಿ, "ಈ ಸಲ ಬಿಸಿಲೇ ಜಾಸ್ತಿ ಅಲ್ವಾ" ಅಂದರು. ಹೌದು ಹೌದು ಅಂದರು.

ಮರುದಿನ ಬೆಳಗ್ಗೆ ಆರು ಗಂಟೆಗೆ ಟಿಂಗ್. ಅದೇ ನಿತ್ಯಪುಷ್ಪ, ಅದೇ ಹನ್ನೊಂದು ಹೂ. "ನಮ್ಮ ಕಟ್ಟಡದಲ್ಲಿ ಇವತ್ತು!" ಹೊಸದಾಗಿ ಸೇರಿದ ಯಾರೋ ಕೇಳಿದರು, "ಅಬ್ಬಾ, ಏನು ಹಾಕಿದ್ರಿ?"

ಏಳೂ ಮನೆಯವರು ಟೈಪ್ ಮಾಡುತ್ತಿರುವುದು ಪರದೆಯ ಮೇಲೆ ಕಾಣುತ್ತಿತ್ತು.