ಕೊಕ್ಕು ಓರೆಯಾಗಿದೆ ಎಂಬ ಕಾರಣಕ್ಕೆ ಕೊಲ್ಲಬೇಡಿ

ಕೋಳಿ ಸಾಕಣೆಯಲ್ಲಿ ನನಗಿಂತ ಹೆಚ್ಚು ಪಳಗಿದವರೊಬ್ಬರು ಇಂದು ಬೆಳಿಗ್ಗೆ ನಮ್ಮ ಓರೆಕೊಕ್ಕಿನ ಮರಿಯನ್ನು ಅಂಗೈಯಲ್ಲಿ ಹಿಡಿದು, ಒಂದೇ ಒಂದು ಸಲ ನೋಡಿ, "ಇದು ಉಳಿಯುವ ಜೀವವಲ್ಲ, ಕತ್ತು ತಿರುಚಿ ಮುಗಿಸಿಬಿಡಿ" ಎಂದರು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅದು ಏನು ತಿನ್ನುತ್ತಿದೆ, ಎಂಥ ಪಾತ್ರೆಯಲ್ಲಿ ತಿನ್ನುತ್ತಿದೆ ಎಂಬ ಒಂದು ಪ್ರಶ್ನೆಯನ್ನೂ ಅವರು ಕೇಳಲಿಲ್ಲ.

ಮೇಲಿನ ಕೊಕ್ಕು ಒಂದು ಕಡೆಗೂ ಕೆಳಗಿನದು ಇನ್ನೊಂದು ಕಡೆಗೂ ವಾಲಿ ಕತ್ತರಿಯ ಅಲಗುಗಳಂತೆ ಅಡ್ಡಹಾಯುವ ಈ ದೋಷ ಕೆಲವೊಮ್ಮೆ ವಂಶದಿಂದ ಬರುತ್ತದೆ. ಕಾವಿನ ಶಾಖದಲ್ಲಿ ಏರುಪೇರಾದಾಗ, ತಾಯಿಕೋಳಿಗೆ ಪೋಷಕಾಂಶ ಸಾಲದಿದ್ದಾಗ, ಅಥವಾ ಪೆಟ್ಟು ಬಿದ್ದಾಗಲೂ ಬರಬಹುದು. ಮೊಟ್ಟೆಯೊಡೆದು ಬಂದ ದಿನ ಅನೇಕ ಮರಿಗಳಲ್ಲಿ ಇದು ಕಾಣುವುದೇ ಇಲ್ಲ. ಬೆಳೆಯುತ್ತಾ ಹೋದಂತೆ ಓರೆ ಹೆಚ್ಚುತ್ತದೆ.

ಇಂಥ ಮರಿಗಳು ಬಹುಮಟ್ಟಿಗೆ ಸಾಯುವುದು ಕೊಕ್ಕಿನ ದೋಷದಿಂದಲ್ಲ, ಹಸಿವಿನಿಂದ. ಅದೂ ತುಂಬಿದ ತಟ್ಟೆಯ ಮುಂದೆ ನಿಂತು. ಸ್ವಲ್ಪ ಹೊತ್ತು ಪಕ್ಕದಲ್ಲಿ ಕುಳಿತು ನೋಡಿದರೆ ಯಾರಿಗಾದರೂ ತಿಳಿಯುತ್ತದೆ: ಮರಿ ಕಾಳನ್ನು ಕುಕ್ಕುತ್ತದೆ, ಕಾಳು ಕೊಕ್ಕಿನ ಸಂದಿಯಿಂದ ಜಾರಿ ಬೀಳುತ್ತದೆ, ತಲೆ ಕೊಡವಿ ಮತ್ತೆ ಕುಕ್ಕುತ್ತದೆ. ದೂರದಿಂದ ನೋಡುವವರಿಗೆ ಅದು ದಿನವಿಡೀ ತಿನ್ನುತ್ತಿರುವಂತೆಯೇ ಕಾಣುತ್ತದೆ. ಸಂಜೆ ಕತ್ತಿನ ಬುಡದಲ್ಲಿರುವ ಮೇವುಚೀಲವನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ಮಾತ್ರ ಅದು ಬರಿದಾಗಿರುವುದು ಗೊತ್ತಾಗುತ್ತದೆ.

ಹಾಗಿರುವಾಗ ಬದಲಾಯಿಸಬೇಕಾದದ್ದು ತಟ್ಟೆಯನ್ನು. ಮೇವನ್ನು ನುಣ್ಣಗೆ ಪುಡಿಮಾಡಿ, ನೀರು ಬೆರೆಸಿ ಗಟ್ಟಿ ಗಂಜಿಯ ಹದಕ್ಕೆ ತಂದು, ಕೊಕ್ಕನ್ನು ಒಳಕ್ಕೆ ತೂರಿಸಿ ಮೊಗೆದುಕೊಳ್ಳುವಷ್ಟು ಆಳದ ಬಟ್ಟಲಿನಲ್ಲಿಟ್ಟು, ಬಟ್ಟಲನ್ನು ಮರಿಯ ಬೆನ್ನಿನ ಮಟ್ಟಕ್ಕೆ ಎತ್ತರಿಸಿದರೆ ಅದು ತಾನೇ ತಿನ್ನುತ್ತದೆ. ಹಸಿ ಮೇವು ಬೇಗ ಹುಳಿಯುವುದರಿಂದ ದಿನಕ್ಕೆ ಹಲವು ಬಾರಿ ಹೊಸದಾಗಿ ಕಲಸಬೇಕು. ನೀರಿನ ಪಾತ್ರೆಯೂ ಕೊಕ್ಕು ಮುಳುಗುವಷ್ಟು ಆಳವಿರಬೇಕು, ಆದರೆ ಮರಿಯೇ ಬಿದ್ದು ಮುಳುಗದಂತೆ ಅದರಲ್ಲಿ ಬೆಣಚುಕಲ್ಲುಗಳನ್ನು ಹಾಕಿಡಬೇಕು. ಉಳಿದ ಮರಿಗಳು ನುಗ್ಗಿ ಇದರ ಪಾಲನ್ನೂ ತಿಂದುಬಿಡುವುದರಿಂದ ಮೇವಿನ ಹೊತ್ತಿನಲ್ಲಿ ಬೇರೆ ಮಾಡುತ್ತೇನೆ. ಒಂಟಿಯಾದ ಮರಿ ಕಿರುಚಿ ಕಂಗಾಲಾಗುವುದರಿಂದ ತಿಂದು ಮುಗಿದ ಕೂಡಲೇ ಗುಂಪಿಗೆ ಬಿಡುತ್ತೇನೆ.

ಸರಿಯಾದ ಕೊಕ್ಕು ತನ್ನಷ್ಟಕ್ಕೆ ಸವೆಯುತ್ತದೆ. ಓರೆಯದು ಸವೆಯದೆ ಬೆಳೆಯುತ್ತಲೇ ಹೋಗುತ್ತದೆ. ಆದ್ದರಿಂದ ತುದಿಯನ್ನು ಉಗುರು ಉಜ್ಜುವ ಅರದಿಂದ ಆಗಾಗ ಚೂರುಚೂರೇ ಸವೆಸಬೇಕು. ಒಳಗೆ ರಕ್ತನಾಳವೂ ನರವೂ ಇರುವುದರಿಂದ ಒಮ್ಮೆಲೇ ಹೆಚ್ಚು ಕತ್ತರಿಸಿದರೆ ರಕ್ತ ಸೋರುತ್ತದೆ, ನೋವೂ ಆಗುತ್ತದೆ. ದೊಡ್ಡದಾದ ಮೇಲೆ ಪುಕ್ಕಗಳನ್ನು ತಾನೇ ಸರಿಯಾಗಿ ತೀಡಿಕೊಳ್ಳಲಾರದ ಕಾರಣ ಹೇನು ಹತ್ತುವುದು ಹೆಚ್ಚು. ರೆಕ್ಕೆಯ ಅಡಿಯನ್ನು ಬಿಡಿಸಿ ನೋಡುತ್ತಿರಬೇಕು.

ನರಳಿಸುವುದಕ್ಕಿಂತ ಕೊಲ್ಲುವುದೇ ಕರುಣೆ ಎಂಬ ವಾದ ನನಗೆ ಗೊತ್ತಿಲ್ಲದ್ದಲ್ಲ. ಕೊಕ್ಕು ಪೂರ್ತಿ ತಿರುಚಿಕೊಂಡು, ಹಸಿ ಮೇವನ್ನೂ ನುಂಗಲಾಗದೆ, ತೂಕ ಇಳಿಯುತ್ತಲೇ ಹೋಗುವ ಮರಿಯ ವಿಷಯದಲ್ಲಿ ಪಶುವೈದ್ಯರು ಹಾಗೆ ಹೇಳಿದರೆ ನಾನು ಒಪ್ಪುತ್ತೇನೆ. ಆದರೆ ಬಟ್ಟಲನ್ನೇ ಬದಲಾಯಿಸಿ ನೋಡದವರು ಕರುಣೆಯ ಮಾತಾಡುವುದನ್ನು ನಾನು ಒಪ್ಪಲಾರೆ. ಗುಂಪಿನಲ್ಲಿ ಓಡಾಡಿ, ಮಣ್ಣು ಕೆದರಿ, ಸಂಜೆಗೆ ಮೇವುಚೀಲ ತುಂಬಿಸಿಕೊಂಡು ಮಲಗುವ ಮರಿ ಎಲ್ಲಿ ನರಳುತ್ತಿದೆ?

ದೋಷ ಮುಂದಿನ ತಲೆಮಾರಿಗೆ ಹೋಗುತ್ತದೆ ಎಂದು ಹೆದರಿಸುವವರೂ ಇದ್ದಾರೆ. ಅದರ ಮೊಟ್ಟೆಗಳನ್ನು ಕಾವಿಗೆ ಇಡದಿದ್ದರೆ ಆಯಿತು. ಚೆನ್ನಾಗಿ ಸಾಕಿದ ಓರೆಕೊಕ್ಕಿನ ಹೇಂಟೆ ಉಳಿದವುಗಳಂತೆಯೇ ಮೊಟ್ಟೆಯಿಡಬಲ್ಲದು. ಆ ಮೊಟ್ಟೆಗಳನ್ನು ತಿನ್ನಲು ಯಾವ ಅಡ್ಡಿಯೂ ಇಲ್ಲ.