ಡಕ್‌ಟೇಲ್ಸ್ ಸಣ್ಣ ಮಕ್ಕಳ ಆಟವಲ್ಲ

ದೀಪಾವಳಿಗೆ ವಿಜಯಪುರದ ನಮ್ಮ ಮನೆಗೆ ಬಂದಿದ್ದ ಅಣ್ಣನ ಮಗ ಮೊಬೈಲಿನಲ್ಲಿ ಹಳೆಯ ಡಕ್‌ಟೇಲ್ಸ್ ಆಟವನ್ನು ಆಡುತ್ತ, ಮೂರನೆಯ ಸಲ ಸೋತಾಗ, "ಕಾಕಾ, ಇದು ಸಣ್ಣ ಹುಡುಗರ ಆಟ ಅಂತೀರಿ, ಇಷ್ಟ್ಯಾಕ ಕಠಿಣ ಐತ್ರಿ?" ಎಂದು ಕೇಳಿದ. ಅವನಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಹಿಂದಿಯಲ್ಲಿ ಬರುತ್ತಿದ್ದ ಡಕ್‌ಟೇಲ್ಸ್ ಕಾರ್ಟೂನ್ ನೋಡುವುದಕ್ಕಾಗಿ ಸುಸಲಾದ ತಾಟು ಹಿಡಿದು ಟಿವಿಯ ಮುಂದೆ ಕೂರುತ್ತಿದ್ದ ನಮಗೆ, ನಿಧಿ ಹುಡುಕುವ ಸಿರಿವಂತ ಮುದಿ ಬಾತುಕೋಳಿ ಅಂಕಲ್ ಸ್ಕ್ರೂಜ್ ಯಾವ ಗುಹೆಗೆ ಇಳಿದರೂ ಕಂತು ಮುಗಿಯುವಷ್ಟರಲ್ಲಿ ಕ್ಷೇಮವಾಗಿ ಮರಳುತ್ತಾನೆಂಬ ನಂಬಿಕೆಯಿತ್ತು. ಅದೇ ಕಾರ್ಟೂನನ್ನು ಆಧರಿಸಿ ಜಪಾನಿನ ಕ್ಯಾಪ್ಕಾಮ್ ಕಂಪನಿ, ಟಿವಿಗೆ ಜೋಡಿಸಿ ಆಡುವ ನಿಂಟೆಂಡೊ ಯಂತ್ರಕ್ಕಾಗಿ 1989ರಲ್ಲಿ ಹೊರತಂದ ಆಟ ಅಂಥ ಭರವಸೆ ಕೊಡುವುದಿಲ್ಲ. ಅದರ ನಿರ್ಮಾಪಕ ತೊಕುರೊ ಫುಜಿವಾರಾ ಅದಕ್ಕೂ ಮೊದಲು, ಆಟಗಾರರನ್ನು ಕಂಗೆಡಿಸಿದ್ದಕ್ಕೇ ಹೆಸರಾದ ಘೋಸ್ಟ್ಸ್ ಎನ್ ಗಾಬ್ಲಿನ್ಸ್ ಆಟವನ್ನು ರೂಪಿಸಿದವರು ಎಂಬುದು ನನಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು; ತಿಳಿದಾಗ ಹಳೆಯ ಸೋಲುಗಳಿಗೆಲ್ಲ ಕಾರಣ ಸಿಕ್ಕಂತಾಯಿತು.

ಆಟದ ಜೀವಾಳವಿರುವುದು ಸ್ಕ್ರೂಜನ ಊರುಗೋಲಿನಲ್ಲಿ. ಜಿಗಿದು, ಗಾಳಿಯಲ್ಲಿರುವಾಗಲೇ ಕೆಳಮುಖದ ಗುಂಡಿಯನ್ನೂ ಬಿ ಗುಂಡಿಯನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಅವನು ಕೋಲಿನ ಮೇಲೆ ಪುಟಿಯುತ್ತಾನೆ, ಮುಳ್ಳುಗಳ ಮೇಲೂ ಶತ್ರುಗಳ ತಲೆಯ ಮೇಲೂ ಸಾಗುತ್ತಾನೆ. ಬೆರಳು ಅರೆಕ್ಷಣ ತಡೆದರೆ ಸಾಮಾನ್ಯ ಜಿಗಿತವಾಗಿ ಪೆಟ್ಟು ಬೀಳುತ್ತದೆ. ಈ ಕೌಶಲ ಕೈಗೆ ಹತ್ತಿತು ಎನ್ನುವಷ್ಟರಲ್ಲಿ ಹಿಮಾಲಯದ ಹಂತ ಬರುತ್ತದೆ. ಅಲ್ಲಿ ಮೆತ್ತನೆಯ ಹಿಮದ ಮೇಲೆ ಪುಟಿದರೆ ಕೋಲು ಹೂತುಹೋಗಿ ಸ್ಕ್ರೂಜ್ ಸಿಕ್ಕಿಬೀಳುತ್ತಾನೆ. ಕಲಿತ ವಿದ್ಯೆಯನ್ನು ಎಲ್ಲಿ ಬಳಸಬಾರದು ಎಂಬುದನ್ನೂ ಕಲಿಸುವ ಈ ಜಾಣ್ಮೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಅಮೆಜಾನ್, ಟ್ರಾನ್ಸಿಲ್ವೇನಿಯಾ, ಆಫ್ರಿಕಾದ ಗಣಿ, ಹಿಮಾಲಯ, ಚಂದ್ರ ಎಂಬ ಐದು ಹಂತಗಳನ್ನು ಯಾವ ಕ್ರಮದಲ್ಲಾದರೂ ಆರಿಸಿಕೊಳ್ಳಬಹುದು. ಆದರೆ ಗಣಿಯ ಬೀಗದ ಕೈ ಇರುವುದು ಟ್ರಾನ್ಸಿಲ್ವೇನಿಯಾದಲ್ಲಿ. ಹಂತಕ್ಕೊಂದರಂತೆ ಐದೂ ನಿಧಿಗಳು ಸೇರಿದವು ಎಂದುಕೊಂಡಾಗ ಅವು ಕಳುವಾಗಿ, ಮತ್ತೆ ಅದೇ ಟ್ರಾನ್ಸಿಲ್ವೇನಿಯಾಕ್ಕೆ ಹೋಗಬೇಕಾಗುತ್ತದೆ. ನಿಲ್ಲಿಸಿದಲ್ಲಿಂದ ಇನ್ನೊಮ್ಮೆ ಆಡಲು ಪಾಸ್‌ವರ್ಡ್ ಇಲ್ಲ, ಸೋತಲ್ಲಿಂದ ಮುಂದುವರಿಸುವ ಕಂಟಿನ್ಯೂ ಇಲ್ಲ. ಜೀವಗಳು ಮುಗಿದರೆ ಮೊದಲಿನಿಂದ ಆರಂಭ. ಬೇಸಿಗೆಯ ಮಧ್ಯಾಹ್ನ ನಾವು ಚಂದ್ರನವರೆಗೆ ತಲುಪಿದ್ದಾಗ ಕರೆಂಟ್ ಹೋದರೆ ಅಲ್ಲಿಗೆ ಎಲ್ಲವೂ ಮುಗಿದಂತೆ.

ಇಷ್ಟಾದರೂ ಇದನ್ನು ಅನ್ಯಾಯದ ಆಟವೆಂದು ನಾನು ಒಪ್ಪುವುದಿಲ್ಲ. ಶತ್ರುಗಳು ಪ್ರತಿ ಸಲವೂ ಅದೇ ಜಾಗದಲ್ಲಿ ಅದೇ ರೀತಿಯಲ್ಲಿ ಬರುತ್ತಾರೆ. ಸೋತವನಿಗೆ ತಾನು ಎಲ್ಲಿ ತಪ್ಪಿದೆನೆಂಬುದು ಸ್ಪಷ್ಟವಾಗಿ ತಿಳಿಯುತ್ತದೆ. 2013ರಲ್ಲಿ ಬಂದ ಹೊಸ ಆವೃತ್ತಿಯಲ್ಲಿ ಒಂದೇ ಗುಂಡಿಯಿಂದ ಪುಟಿಯುವ ಅನುಕೂಲವಿದೆ, ಅದು ಬೇಕಾದವರು ಅದನ್ನೇ ಆಡಲಿ. ಆದರೆ ಮೊಬೈಲಿನಲ್ಲಿ ಹತ್ತು ಹೆಜ್ಜೆಗೊಮ್ಮೆ ಸೇವ್ ಮಾಡಿಕೊಂಡು ಹೋದರೆ ಚಂದ್ರನ ಹಂತದ ಆ ಅದ್ಭುತ ಸಂಗೀತವೂ ಬರಿಯ ಹಿನ್ನೆಲೆಯಾಗಿಬಿಡುತ್ತದೆ. ಹಿರೊಶಿಗೆ ತೊನೊಮುರಾ ಹೊಸೆದ ಆ ರಾಗ ಕಿವಿಗೆ ಬಿದ್ದಾಗ ನಮ್ಮ ಅಂಗೈ ಬೆವರುತ್ತಿದ್ದುದು, ಇನ್ನೊಂದು ತಪ್ಪು ಮಾಡಿದರೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಆಡಬೇಕೆಂಬ ಭಯದಿಂದ.

ಹುಡುಗನಿಗೆ ಸೇವ್ ಮಾಡದೆ ಆಡಿ ನೋಡು ಎಂದೆ. ಹಬ್ಬ ಮುಗಿಸಿ ಊರಿಗೆ ಹೊರಡುವ ದಿನ ಬೆಳಿಗ್ಗೆ ಅವನು ಹಿಮಾಲಯವನ್ನು ದಾಟಿದ್ದ.