ಶತ್ರುವೂ ಅಣ್ಣ, ಪ್ರಿನ್ಸ್ ಹಾಲ್ ಮಾತ್ರ ಯಾರೋ

ಬೆಳಗ್ಗೆಯಿಂದ ಒಂದೇ ರೀಲ್ ಎಲ್ಲ ಗ್ರೂಪಿನಿಂದಲೂ ಬರ್ತಿದೆ. ಗೆಟ್ಟಿಸ್‌ಬರ್ಗಿನ ಕಂಚಿನ ಪ್ರತಿಮೆ, ಹಿಂದೆ ಪಿಟೀಲು, ಕೊನೆಗೆ ‘ಯುದ್ಧಕ್ಕಿಂತ ದೊಡ್ಡದು ಭ್ರಾತೃತ್ವ’ ಅನ್ನೋ ಸಾಲು. ಗುಲಾಮಗಿರಿಯ ವಿಚಾರಕ್ಕೆ ಉತ್ತರ, ದಕ್ಷಿಣದ ರಾಜ್ಯಗಳು ಹೊಡೆದಾಡಿದ ಅಮೆರಿಕದ ಸಿವಿಲ್ ವಾರ್ ಅಂದ್ರೆ ನನಗೆ ಎಷ್ಟು ಹುಚ್ಚು ಅಂತ ಗೊತ್ತಿದ್ದೇ ಕಳಿಸ್ತೀರಿ, ಸರಿ. ಆದರೆ ಈ ಸಲ ಪಿತ್ತ ನೆತ್ತಿಗೇರಿದೆ.

ಕಥೆ ನಿಜವೇ. 1863ರ ಜುಲೈ 3, ಗೆಟ್ಟಿಸ್‌ಬರ್ಗ್ ಕಾಳಗ. ಟೋಪಿಯನ್ನು ಕತ್ತಿಯ ತುದಿಗೆ ಸಿಕ್ಕಿಸಿಕೊಂಡು ಕಲ್ಲುಗೋಡೆ ದಾಟಿ ಬಂದ ದಕ್ಷಿಣದ ಜನರಲ್ ಲೂಯಿಸ್ ಆರ್ಮಿಸ್ಟೆಡ್ ಗುಂಡು ತಿಂದು ಬಿದ್ದ. ಉತ್ತರದ ಕ್ಯಾಪ್ಟನ್ ಹೆನ್ರಿ ಬಿಂಗಮ್ ಅವನ ಗಡಿಯಾರ, ಕೈಸಾಮಾನು ಇಸಕೊಂಡ, ಉತ್ತರದ ಪಡೆಯಲ್ಲಿದ್ದ ಆರ್ಮಿಸ್ಟೆಡ್‌ನ ಹಳೇ ಗೆಳೆಯ, ಜನರಲ್ ಹ್ಯಾನ್‌ಕಾಕ್‌ಗೆ ಮುಟ್ಟಿಸೋಕೆ. ಮೂವರೂ ಫ್ರೀಮೇಸನ್‌ಗಳು, ಅಂದ್ರೆ ದೀಕ್ಷೆ ಪಡೆದು ಒಬ್ಬರನ್ನೊಬ್ಬರು ಅಣ್ಣತಮ್ಮ ಅನ್ನೋ ಸಂಘದವರು. ಆರ್ಮಿಸ್ಟೆಡ್ ಎರಡೇ ದಿನಕ್ಕೆ ತೀರಿಕೊಂಡ. 1993ರಲ್ಲಿ ಮೇಸನ್‌ಗಳೇ ಈ ಕಥೆಯ ನೆನಪಿಗೆ ಆ ಪ್ರತಿಮೆ ನಿಲ್ಲಿಸಿದರು. ನೋಡಿದ್ರೆ ನನಗೂ ಗಂಟಲು ಕಟ್ಟುತ್ತೆ, ಸುಳ್ಳು ಯಾಕೆ ಹೇಳಲಿ.

ಆದರೆ ಸ್ವಾಮಿ, ಪ್ರಿನ್ಸ್ ಹಾಲ್ ಅನ್ನೋ ಹೆಸರು ಯಾಕೆ ಯಾವ ರೀಲಿನಲ್ಲೂ ಬರಲ್ಲ? ಬಾಸ್ಟನ್ನಿನ ಕಪ್ಪು ಜನಾಂಗದವನು. 1775ರಲ್ಲಿ ಅವನಿಗೂ ಇನ್ನು 14 ಜನಕ್ಕೂ ದೀಕ್ಷೆ ಕೊಟ್ಟದ್ದು ಯಾರು ಗೊತ್ತಾ? ಊರಿನ ಮೇಸನ್‌ಗಳಲ್ಲ. ಬ್ರಿಟಿಷ್ ಸೈನ್ಯದ 38ನೇ ರೆಜಿಮೆಂಟಿನ ಜೊತೆಗಿದ್ದ ಐರಿಷ್ ಲಾಡ್ಜ್, ಅಂದ್ರೆ ಮೇಸನ್‌ಗಳ ಶಾಖೆ! ಆಮೇಲೆ ಸ್ವಂತ ಲಾಡ್ಜಿಗೆ ಸನ್ನದು ಬೇಕಾದಾಗಲೂ ಇಂಗ್ಲೆಂಡಿಗೇ ಬರೀಬೇಕಾಯ್ತು. 1784ರಲ್ಲಿ ಮಂಜೂರಾದ ಆ ಕಾಗದ ಕೈಗೆ ಬಂದದ್ದು 1787ಕ್ಕೆ. ಎದುರು ಸೈನ್ಯದ ಜನರಲ್ ಅಣ್ಣತಮ್ಮ, ಒಂದೇ ಊರಿನ ಪ್ರಿನ್ಸ್ ಹಾಲ್ ಮಾತ್ರ ಯಾರೋ.

‘ಆ ಕಾಲವೇ ಹಾಗಿತ್ತು’ ಅಂತೀರಿ, ಗೊತ್ತು. ಆ ಐರಿಷ್ ಸಿಪಾಯಿಗಳು ಯಾವ ಕಾಲದವರು ಹಾಗಾದ್ರೆ? ಮುಂದಿನ ಶತಮಾನದಿಂದ ಇಳಿದು ಬಂದಿದ್ರಾ?

ಗೆಟ್ಟಿಸ್‌ಬರ್ಗ್ ಆಗಿ ಹದಿನೈದೇ ದಿನಕ್ಕೆ, ಜುಲೈ 18ಕ್ಕೆ, ಮ್ಯಾಸಚುಸೆಟ್ಸ್‌ನ 54ನೇ ರೆಜಿಮೆಂಟಿನ ಕಪ್ಪು ಸೈನಿಕರು ಉತ್ತರದ ಪರವಾಗಿ ದಕ್ಷಿಣದವರ ಕೋಟೆ ಫೋರ್ಟ್ ವ್ಯಾಗ್ನರ್ ಮೇಲೆ ನುಗ್ಗಿದರು. ಅವರ ಬಿಳಿಯ ಕರ್ನಲ್ ರಾಬರ್ಟ್ ಶಾ ಸತ್ತಾಗ ದಕ್ಷಿಣದವರು ಶವ ಒಪ್ಪಿಸದೆ, ಅವನ ಸೈನಿಕರ ಜೊತೆ ಒಂದೇ ಗುಂಡಿಗೆ ಹಾಕಿ ಮಣ್ಣು ಮುಚ್ಚಿದರು. ಅದನ್ನೇ ಅವಮಾನ ಅಂದುಕೊಂಡಿದ್ದರು ಪುಣ್ಯಾತ್ಮರು! ಶಾನ ತಂದೆ ಮಾತ್ರ ಅಲ್ಲೇ ಇರಲಿ ಅಂದ. ಅವರು ಯಾರ ಪರ ಹೋರಾಡಿದರೋ ಆ ಉತ್ತರದ ಸರ್ಕಾರದ್ದೂ ಅದೇ ಬುದ್ಧಿ: ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್, ಇವರಿಗೆ 10, ಅದರಲ್ಲೂ ಬಟ್ಟೆಗೆ ಅಂತ 3 ಕಡಿತ. ಇವರು ಸಂಬಳವನ್ನೇ ಮುಟ್ಟಲಿಲ್ಲ, ಯುದ್ಧ ಮಾತ್ರ ಬಿಡಲಿಲ್ಲ.

ಇನ್ನು ಆ ಭ್ರಾತೃತ್ವ? ಪ್ರಿನ್ಸ್ ಹಾಲ್ ಪರಂಪರೆಯ ಕಪ್ಪು ಮೇಸನ್‌ಗಳಿಗೆ ಕನೆಕ್ಟಿಕಟ್ ರಾಜ್ಯದ ಬಿಳಿಯ ಮೇಸನ್‌ಗಳು ಮಾನ್ಯತೆ ಕೊಟ್ಟದ್ದು 1989ರಲ್ಲಿ. ದಕ್ಷಿಣದ ಕೆಲವು ರಾಜ್ಯಗಳು ಈ ಶತಮಾನಕ್ಕೆ ಕಾಲಿಟ್ಟ ಮೇಲೂ ‘ನೋಡೋಣ’ ಅಂತಲೇ ಕೂತಿದ್ದವು.